ವನಜಮ್ಮನವರ ತವರಿನ ಮೇಲೊಂದು ಸುತ್ತು

ಗಂಡಸಿಗೆ ಅರವತ್ತು ದಾಟಿದ ಮೇಲೆ ಏನಾದರೊಂದು ಹಿಡಿದುಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ ಹಿಡಿಯುತ್ತದೆ, ಕೆಲವರಿಗೆ ಭಜನೆ ಹಿಡಿಯುತ್ತದೆ, ಇನ್ನು ಕೆಲವರಿಗೆ ಚರಂಡಿಯ ಬಗ್ಗೆ ಪತ್ರಿಕೆಗೆ ಬರೆಯುವ ಚಟ ಹಿಡಿಯುತ್ತದೆ. ತುಮಕೂರು ಶೆಟ್ಟಿಹಳ್ಳಿಯ ಬೆಟ್ಟಸ್ವಾಮಿಯವರಿಗೆ ವಿಮಾನ ಹಿಡಿಯಿತು. ಮೊದಲ ಮೂರಕ್ಕೆ ಔಷಧಿಯೋ ಶಾಂತಿಯೋ ಏನೋ ಒಂದಿದೆ. ನಾಲ್ಕನೆಯದಕ್ಕೆ ಇಲ್ಲ.

ಮನೆ ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡು ಹಾಕಿಸಿ, ನಾಲ್ಕು ವರ್ಷ ಅದರೊಳಗೆ ಕುಟ್ಟಿ, ಕೊರೆದು, ಬೆಸುಗೆ ಹಾಕಿ, ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯ ಹೊತ್ತಿಗೆ ಅವರು ಒಂದು ಪುಟ್ಟ ವಿಮಾನ ನಿಲ್ಲಿಸಿದರು. ಇಂಜಿನ್ನು ಹೊರಗಿನಿಂದ ತರಿಸಿದ್ದು. ಉಳಿದದ್ದೆಲ್ಲ ಜಿಲ್ಲೆಯ ಒಳಗಿನದೇ. ಚಕ್ರ ಸ್ಕೂಟರಿನದು, ಒಂದರ ಹಿಂದೊಂದು ಕೂರಿಸಿದ ಎರಡು ಸೀಟು ಹಳೆಯ ವ್ಯಾನಿನದು, ರೆಕ್ಕೆಯ ಬಟ್ಟೆ ಹೊಲಿದವನು ಶಾಮಿಯಾನ ಹೊಲಿಯುವ ಪುಟ್ಟರಂಗಯ್ಯ. ಕೈ ಅಭ್ಯಾಸಕ್ಕೆ ಅವನು ರೆಕ್ಕೆಯ ಅಂಚಿಗೆ ಉದ್ದಕ್ಕೂ ಹಳದಿ ಝಾಲರಿ ಕೊಟ್ಟುಬಿಟ್ಟಿದ್ದ. ತೆಗೆಯೋ ಮಾರಾಯ ಎಂದರೆ, "ಇರ್ಲಿ ಬುಡಿ ಸಾರ್, ಮೇಲಕ್ಕೋದಾಗ ಕಳೆಯಾಗಿ ಕಾಣ್ತದೆ" ಎಂದ. ಝಾಲರಿ ಉಳಿಯಿತು.

ಬೆಟ್ಟಸ್ವಾಮಿಯವರೇನೂ ಬರೀ ಬಾಯಿಮಾತಿನ ಪೈಲಟ್ ಅಲ್ಲ. ಸರ್ಕಾರದ ಕೆಲಸದಲ್ಲಿದ್ದು, ಬೆಳೆಗೆ ಔಷಧಿ ಸಿಂಪಡಿಸುವ ವಿಮಾನವನ್ನು ಅರ್ಧ ಆಯುಷ್ಯ ಓಡಿಸಿದವರು. ಆದರೆ ಔಷಧಿ ಸಿಂಪಡಿಸುವ ವಿಮಾನ ತೆಂಗಿನಮರಕ್ಕಿಂತ ಒಂದು ಮೊಳ ಮೇಲಿರುತ್ತದೆ, ಅಷ್ಟೇ. ಅದಕ್ಕಿಂತ ಮೇಲೆ ಹೋದರೆ ಔಷಧಿ ಪಕ್ಕದ ತಾಲ್ಲೂಕಿಗೆ ಬೀಳುತ್ತದೆ. ಅದರಲ್ಲಿ ಸೀಟೂ ಒಂದೇ. ಈ ವಿವರಗಳನ್ನು ಬೆಟ್ಟಸ್ವಾಮಿಯವರು ಕುಣಿಗಲ್ಲಿನ ಮಾವನ ಮನೆಯವರಿಗೆ ಯಾವತ್ತೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆಕಾಶದಲ್ಲಿ ಗುರ್ ಅಂದಾಗಲೆಲ್ಲ ಕುಣಿಗಲ್ಲಿನವರು ತಲೆಯೆತ್ತಿ, "ಅಗೋ, ನಮ್ಮ ಭಾವ ಬೊಂಬಾಯಿಗೆ ಹೋಯ್ತವ್ರೆ" ಎನ್ನುತ್ತಿದ್ದರು. ಭಾವನವರು ಆ ಹೊತ್ತಿಗೆ ಎಲ್ಲೋ ಹತ್ತಿ ಹೊಲದ ಮೇಲೆ ಕಾಯಿಕೊರಕ ಹುಳುವಿನೊಂದಿಗೆ ಯುದ್ಧ ಮಾಡುತ್ತಿರುತ್ತಿದ್ದರು.

ತೊಡಕು ಶುರುವಾಗಿದ್ದು ಮದುವೆಯ ದಿನವೇ. ಗಂಡು ಹೆಣ್ಣು ಒಬ್ಬರ ಹೆಸರನ್ನೊಬ್ಬರು ಹೇಳದೆ ಹೊಸ್ತಿಲು ದಾಟುವಂತಿಲ್ಲ ಎಂಬ ಶಾಸ್ತ್ರವಿದೆಯಲ್ಲ, ಅವತ್ತು ನಾದಿನಿಯರೆಲ್ಲ ಬಾಗಿಲಿಗೆ ಅಡ್ಡ ನಿಂತು, "ಬರೀ ಹೆಸರು ಹೇಳಿದ್ರೆ ಬಿಡಕಿಲ್ಲ, ಏನಾರ ಸೇರಿಸಿ ಹೇಳ್ಬೇಕು" ಎಂದು ಹಟ ಹಿಡಿದರು. ಹೊಸ ಪಂಚೆ, ಹೊಟ್ಟೆ ಹಸಿವು, ಎದುರಿಗೆ ಇಡೀ ಬಳಗ. ಬೆಟ್ಟಸ್ವಾಮಿ ಒಂದೇ ಉಸಿರಿಗೆ, "ವಿಮಾನದಲ್ಲಿ ಕೂರಿಸಿ ತವರುಮನೆ ಮೇಲಿಂದ ತೋರಿಸ್ತೀನಿ ನನ್ನ ವನಜನ್ನ" ಎಂದುಬಿಟ್ಟರು. ಎಲ್ಲರೂ ಹೋ ಎಂದರು. ವನಜಮ್ಮ ಮಾತ್ರ ನಗಲಿಲ್ಲ, ನಂಬಿದರು.

ಆಮೇಲೆ ಮೂವತ್ತು ವರ್ಷ ಕಳೆದರೂ ಆಕೆ ಆ ಮಾತನ್ನು ಒಂದು ಸಲವೂ ಎತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ಬೆಟ್ಟಸ್ವಾಮಿಯವರು ಹೇಗೋ ತಪ್ಪಿಸಿಕೊಳ್ಳುತ್ತಿದ್ದರು. ಆಕೆ ಮಾಡುತ್ತಿದ್ದದ್ದು ಇಷ್ಟೇ: ಮೇಲೆ ವಿಮಾನದ ಸದ್ದಾದರೆ ಕೈಯಲ್ಲಿನ ಸೌಟು ಸಮೇತ ಹಿತ್ತಿಲಿಗೆ ಬಂದು, ಅದು ಮರೆಯಾಗುವತನಕ ನೋಡಿ, ಮತ್ತೆ ಸಾರಿನ ಹತ್ತಿರ ಹೋಗುವುದು. ಅದನ್ನು ನೋಡಿದಾಗಲೆಲ್ಲ ಬೆಟ್ಟಸ್ವಾಮಿಯವರ ಎದೆಯೊಳಗೆ ಕಸಿವಿಸಿಯಾಗುತ್ತಿತ್ತು. ವಿಮಾನದಲ್ಲಿ ಎರಡನೇ ಸೀಟು ಬಂದದ್ದು ಆ ಕಸಿವಿಸಿಯಿಂದ.

ವಿಮಾನ ಆಯಿತು, ಹಾರಲಿಲ್ಲ. ದಿನಾ ಬೆಳಿಗ್ಗೆ ತಿಂಡಿ ತಿಂದು ಬೆಟ್ಟಸ್ವಾಮಿಯವರು ಶೆಡ್ಡಿಗೆ ಹೋಗಿ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಇಂಜಿನ್ನು ಸುಮ್ಮನಿರುತ್ತಿತ್ತು, ಅವರು ಹೊರಟುಬಿಡುತ್ತಿದ್ದರು.

ಆ ಕಾಲಕ್ಕೆ ತೆಂಗಿಗೆ ನುಸಿ ಬಿದ್ದು ಜಿಲ್ಲೆಯೆಲ್ಲ ಹಾಹಾಕಾರವೆದ್ದಿತ್ತು. ಬೆಟ್ಟಸ್ವಾಮಿಯವರ ಕನಸಿನಲ್ಲಿ ಕೃಷಿ ಮಂತ್ರಿಗಳೇ ಫೋನು ಮಾಡುತ್ತಿದ್ದರು. "ಬೆಟ್ಟಸ್ವಾಮಿಯವರೇ, ವಿಜ್ಞಾನಿಗಳು ಕೈಚೆಲ್ಲಿದ್ದಾರೆ." "ಯೋಚನೆ ಮಾಡಬೇಡಿ ಸ್ವಾಮಿ, ಹೊರಟೆ." ಗುಬ್ಬಿಯ ತೋಟಗಳ ಮೇಲೆ ಝಾಲರಿ ಪಟಪಟ ಬಡಿಯುತ್ತ ವಿಮಾನ ಬರುತ್ತಿತ್ತು. ಔಷಧಿ ಬಿದ್ದಲ್ಲೆಲ್ಲ ನುಸಿಗಳು ತಾವಾಗಿಯೇ ಸಾಲುಗಟ್ಟಿ ಮರ ಇಳಿದು ಹೋಗುತ್ತಿದ್ದವು. ಕೆಳಗೆ ರೈತರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಟೌನ್‌ಹಾಲಿನಲ್ಲಿ ಸನ್ಮಾನ, ಪೇಟ, ಹಣ್ಣಿನ ಬುಟ್ಟಿ. ಮಂತ್ರಿಗಳು ಶಾಲು ಹೊದಿಸುತ್ತ ಕಿವಿಯಲ್ಲಿ ಏನೋ ಹೇಳಲು ಬಗ್ಗಿದರು.

"ರೀ, ಸ್ವಲ್ಪ ಕಾಲೆತ್ತಿ. ಸಂಡಿಗೆ ಒಣಗಿಲ್ಲ, ಇನ್ನೊಂದು ರೆಕ್ಕೆಗೆ ಹಾಕ್ತೀನಿ" ಎಂದರು ವನಜಮ್ಮ.

ಇನ್ನೊಂದು ದಿನ ಮದುವೆಯ ದಿಬ್ಬಣವೊಂದು ತಾಳಿ ಮರೆತು ಕುಣಿಗಲ್ಲಿಗೆ ಹೋಗಿತ್ತು. ಮುಹೂರ್ತ ಮೀರುತ್ತಿದೆ, ಪುರೋಹಿತರು ನೀರು ಕುಡಿಯುತ್ತಿದ್ದಾರೆ. ಬೆಟ್ಟಸ್ವಾಮಿಯವರು ಛತ್ರದ ಮೇಲೆ ಸುತ್ತು ಹೊಡೆದು ತಾಳಿಯನ್ನು ನೇರ ಮದುಮಗನ ಅಂಗೈಗೆ ಬೀಳಿಸಿದರು. ವಾದ್ಯದವರು ಗಟ್ಟಿಮೇಳ ಬಾರಿಸುವಷ್ಟರಲ್ಲಿ ಪಕ್ಕದ ಮನೆಯ ಅನಂತರಾಜು ಕಾಂಪೌಂಡಿನಿಂದ ತಲೆಹಾಕಿದರು. ಇವರು ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕೆಲಸ ಬಿಟ್ಟಿದ್ದರೂ ಅನುಮಾನ ಬಿಟ್ಟಿರಲಿಲ್ಲ.

"ಸ್ವಾಮಿಯೋರೆ, ಇದು ಎಂದಾದ್ರೂ ಹಾರಿದ್ರೆ ನಂಗೊಂದು ಉಪಕಾರ ಮಾಡಿ. ಯಾವ್ಯಾವ ಮನೆಯೋರು ಕಂಬಕ್ಕೆ ಕೊಕ್ಕೆ ಹಾಕವ್ರೆ ಅಂತ ಮೇಲಿಂದ ನೋಡ್ಕಂಡು ಬನ್ನಿ. ಕೆಳಗಿಂದ ನಂಗೆ ಒಬ್ರೂ ಸಿಗ್ಲಿಲ್ಲ."

ಹೀಗೇ ನಡೆದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಕನಸಿಗೆ ಪೆಟ್ರೋಲು ಬೇಡ. ಆದರೆ ಶ್ರಾವಣದಲ್ಲಿ ವನಜಮ್ಮನವರ ತಮ್ಮ ಹೊನ್ನಯ್ಯನ ಮಗಳ ನಿಶ್ಚಿತಾರ್ಥ ಬಂತು.

ಹೊನ್ನಯ್ಯ ಕುಣಿಗಲ್ಲಿನ ಪಕ್ಕದಲ್ಲೇ ತೆಂಗಿನ ತೋಟ ಇಟ್ಟುಕೊಂಡು ಅನುಕೂಲವಾಗಿದ್ದವನು. ಅವನ ಅಪ್ಪ ಇದ್ದಷ್ಟು ದಿನ ವರ್ಷಕ್ಕೊಂದು ಸಲ ಮಗಳ ಮನೆಗೆ ಎರಡು ಚೀಲ ಕಾಯಿ ಬರುತ್ತಿತ್ತು. ಅಪ್ಪ ಹೋದರು, ಕಾಯಿಯೂ ಹೋಯಿತು. ಮಾತು ಬಂದಾಗಲೆಲ್ಲ ಹೊನ್ನಯ್ಯ ಎದೆ ಮುಟ್ಟಿಕೊಂಡು, "ನುಸಿ ಅಕ್ಕ, ನುಸಿ! ಒಂದು ಕಾಯಿ ಉಳಿದಿದ್ರೆ ನಿಂಗೆ ಕಳಿಸ್ದೆ ಇರ್ತಿದ್ನಾ?" ಎನ್ನುತ್ತಿದ್ದ. ವನಜಮ್ಮ ಅಂಗಡಿಯಲ್ಲಿ ಕಾಯಿ ಕೊಳ್ಳುವಾಗ ಪ್ರತಿ ಸಲ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಕಾಯಿಗಲ್ಲ, ತವರಿನ ಕಾಯಲ್ಲವಲ್ಲ ಎಂದು.

ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಬೆಟ್ಟಸ್ವಾಮಿಯವರ ಪಕ್ಕ ಕೂತು, "ಪೈಲಟ್ಟಂತೆ ತಾವು. ಈಗ ನೆಲದ ಮೇಲೇನಾ?" ಎಂದರು. ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಒಬ್ಬ, "ತಮಗೆ ವಯಸ್ಸಾಯ್ತು ಬುಡಿ, ಇನ್ನೇನು ಮೇಲಕ್ಕೋಗೋದು ಒಂದೇ ಸಲ" ಎಂದ. ನಗು ಇನ್ನೂ ಜೋರಾಯಿತು. ಎದುರು ಸಾಲಿನಲ್ಲಿ ವನಜಮ್ಮ ತಲೆ ತಗ್ಗಿಸಿ ಪಲ್ಯ ಕಲಸುತ್ತಿದ್ದರು.

ಬೆಟ್ಟಸ್ವಾಮಿಯವರ ಬಾಯಲ್ಲಿ ಒಬ್ಬಟ್ಟಿತ್ತು. ಅದನ್ನು ನುಂಗಿ ಮಾತಾಡಿದ್ದರೆ ಯೋಚನೆಗೆ ಸಮಯ ಸಿಗುತ್ತಿತ್ತು. ಅವರು ನುಂಗಲಿಲ್ಲ. "ಆಯುಧಪೂಜೆ ದಿನ ಎಲ್ಲಾರೂ ಮಹಡಿ ಮೇಲೆ ನಿಂತಿರಿ. ವನಜನ್ನ ಕೂರಿಸ್ಕೊಂಡು ಈ ಮನೆ ಮೇಲೆ ಒಂದು ಸುತ್ತು ಹೊಡ್ದು ಹೋಗ್ತೀನಿ!" ಎಂದರು.

ವನಜಮ್ಮ ತಲೆಯೆತ್ತಿ ಗಂಡನನ್ನು ನೋಡಿದ ರೀತಿ ಹೇಗಿತ್ತೆಂದರೆ, ಮದುವೆಯ ದಿನ ಹೊಸ್ತಿಲಿನ ಹತ್ತಿರ ನಿಂತಿದ್ದ ಹುಡುಗಿ ನೋಡಿದಂತೆಯೇ ಇತ್ತು. ಅಲ್ಲಿಗೆ ಬೆಟ್ಟಸ್ವಾಮಿಯವರಿಗೆ ಹಿಂದಕ್ಕೆ ಬರುವ ದಾರಿ ಮುಚ್ಚಿತು.

ಕುಣಿಗಲ್ಲಿನಲ್ಲಿ ಸುದ್ದಿ ಬಾಯಿಂದ ಬಾಯಿಗೆ ಬೆಳೆಯಿತು. ಒಂದು ಸುತ್ತು ಮೂರು ಸುತ್ತಾಯಿತು, ಮೂರು ಸುತ್ತು ಪುಷ್ಪವೃಷ್ಟಿಯಾಯಿತು. ದಿನಕ್ಕೊಂದು ಫೋನು ಬರುತ್ತಿತ್ತು. ಗುಡಿಯ ಅರ್ಚಕರು ಗೋಪುರದ ಮೇಲೂ ನಾಲ್ಕು ಹೂ ಬೀಳಿಸಬೇಕೆಂದು ಹೇಳಿಕಳಿಸಿದರು. ಯಾರದೋ ಮನೆಯವರು ಹಾರುವ ಸದ್ದಿಗೆ ಎಮ್ಮೆ ಹೆದರಿ ಹಾಲು ಕೊಡದಿದ್ದರೆ ಯಾರು ಜವಾಬ್ದಾರಿ ಎಂದು ಕೇಳಿಸಿದರು. ಹಬ್ಬಕ್ಕೆ ಎರಡು ದಿನ ಮುಂಚೆ ಹೊನ್ನಯ್ಯನೇ ಫೋನು ಮಾಡಿದ.

"ಅಕ್ಕ, ಭಾವಂಗೆ ಮನೆ ಗುರುತು ಸಿಗ್ಲಿ ಅಂತ ಮಹಡಿ ಮೇಲೆ ಸುಣ್ಣದಲ್ಲಿ 'ಹೊನ್ನಯ್ಯ' ಅಂತ ಬರೆಸಿದೀನಿ. ಒಂದೊಂದು ಅಕ್ಷರ ಒಂದೊಂದು ಆಳುದ್ದ! ಜಾಗ ಸಾಲ್ದೆ ಮಹಡಿ ಮೇಲಿದ್ದದ್ದನ್ನೆಲ್ಲ ಹಿತ್ತಿಲಿಗೆ ಸಾಗಿಸ್ಬೇಕಾಯ್ತು. ಎರಡು ಆಳು ಇಡೀ ದಿನ ಹೊತ್ರು."

"ಎರಡಾಳು ಇಡೀ ದಿನ ಹೊರೋವಂಥದ್ದು ಏನಿತ್ತೋ ಮಹಡಿ ಮೇಲೆ?" ಎಂದರು ವನಜಮ್ಮ.

ಆ ಕಡೆ ಸ್ವಲ್ಪ ತಡವಾಯಿತು. "ಏನೋ ಹಾಳೂ ಮೂಳೂ ಅಕ್ಕ" ಎಂದು ಹೊನ್ನಯ್ಯ ಫೋನಿಟ್ಟ. ವನಜಮ್ಮನವರೂ ಇಟ್ಟು, ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತ ನಿಂತಿದ್ದರು.

ಆಯುಧಪೂಜೆಯ ದಿನ ರೆಕ್ಕೆ ಬಿಚ್ಚಿದ ವಿಮಾನವನ್ನು ಲಾರಿಗೆ ಹೇರಿ ಗುಬ್ಬಿಯ ಆಚೆಗಿದ್ದ ಒಂದು ಕೆರೆಯಂಗಳಕ್ಕೆ ತಂದರು. ಆ ಕೆರೆಗೆ ನೀರು ಬಂದು ಎರಡು ವರ್ಷವಾಗಿತ್ತು. ನೆಲ ಕಲ್ಲಿನಂತೆ ಗಟ್ಟಿ, ಮೇಲೆ ಮಾತ್ರ ಹಿಟ್ಟಿನಂಥ ಧೂಳು, ಆ ತುದಿಯಲ್ಲಿ ಜಾಲಿಮರಗಳ ಗುಂಪು. ರೆಕ್ಕೆ ಕೂರಿಸಿ ಮುಗಿಯುವ ಹೊತ್ತಿಗೆ ಏರಿಯ ಮೇಲೆ ಅರ್ಧ ಗುಬ್ಬಿ ಸೇರಿತ್ತು. ಕಡಲೆಕಾಯಿ ಗಾಡಿ ಬಂತು, ಐಸ್‌ಕ್ರೀಮ್ ಡಬ್ಬದವನು ಬಂದ, ಅವರ ಹಿಂದೆಯೇ ಹೆಡ್ ಕಾನ್‌ಸ್ಟೇಬಲ್ ರಂಗಯ್ಯನವರೂ ಬಂದರು. ರಂಗಯ್ಯನವರು ವಿಮಾನದ ಸುತ್ತ ಒಂದು ಸಲ ನಡೆದರು. ಬಗ್ಗಿ ಕೆಳಗೆ ನೋಡಿದರು.

"ಯಾವ್ ಗಾಡಿ ಸಾರ್ ಇದು?"

"ವಿಮಾನ."

"ಅದು ಕಾಣ್ತದೆ ಬುಡಿ. ಎಷ್ಟು ಚಕ್ರ?"

"ಮೂರು."

"ಮೂರು ಚಕ್ರ ಅಂದ್ಮೇಲೆ ಆಟೋ ಲೆಕ್ಕಕ್ಕೆ ಬತ್ತದೆ. ಮೀಟ್ರು ಐತಾ?"

"ಇದೆ. ವೇಗ ತೋರ್ಸೋ ಮೀಟ್ರು."

"ಪ್ಯಾಸೆಂಜರ್?"

"ಒಬ್ರು. ನನ್ನ ಹೆಂಡ್ತಿ."

"ಹೆಂಡ್ತೀನ ಕೂರಿಸ್ಕಂಡ್ ಹೋಗಾಕೆ ಮೀಟ್ರು ಯಾಕ್ ಬೇಕು ಸಾರ್?" ಎಂದು ರಂಗಯ್ಯ ಹುಬ್ಬು ಗಂಟಿಕ್ಕಿದರು. "ಪರ್ಮಿಷನ್ನು?"

"ಅರ್ಜಿ ಹಾಕಿದೀನಿ. ಬರ್ತದೆ."

ರಂಗಯ್ಯನವರು ಟೋಪಿ ತೆಗೆದು ತಲೆ ಕೆರೆದುಕೊಂಡು ಬಹಳ ಹೊತ್ತು ಕಾನೂನಿನ ಆಳಕ್ಕಿಳಿದರು. ಕೊನೆಗೆ, "ನೋಡಿ ಸಾರ್, ನೆಲದ ಮೇಲೆ ಇರೋಗಂಟ ನನ್ನ ಲಿಮಿಟ್ಟು. ಮೇಲಕ್ಕೆ ಎದ್ರೆ ನಂದಲ್ಲ. ಕೆಳಕ್ಕೆ ಬಂದ್ರೆ ತಿರುಗಾ ನಂದೇ" ಎಂದು ತೀರ್ಪು ಕೊಟ್ಟು, ಕಡಲೆಕಾಯಿ ಗಾಡಿಯ ಕಡೆ ಹೋದರು.

ಇಷ್ಟೆಲ್ಲ ನಡೆಯುವಾಗ ವನಜಮ್ಮ ಪೂಜೆಗೆ ಕೈಹಾಕಿದ್ದರು. ಹೊಸ ಗಾಡಿಗೆ ಏನೇನು ಆಗಬೇಕೋ ಒಂದನ್ನೂ ಬಿಡಲಿಲ್ಲ. ವಿಮಾನದ ಮೂಗಿಗೆ ಅರಿಶಿನ ಕುಂಕುಮ, ಕೊರಳು ಎಲ್ಲಿದೆಯೆಂದು ಹುಡುಕಿ ಒಂದು ಚೆಂಡುಹೂವಿನ ಹಾರ, ಮೂರು ಚಕ್ರಕ್ಕೆ ಮೂರು ನಿಂಬೆಹಣ್ಣು. ಬಾಳೆಕಂದನ್ನು ರೆಕ್ಕೆಗೆ ಕಟ್ಟಿಯೂ ಇದ್ದರು, ಬೆಟ್ಟಸ್ವಾಮಿಯವರು ಕೈಮುಗಿದು ಬಿಚ್ಚಿಸಿದರು. ಉಳಿದದ್ದು ಅಗರಬತ್ತಿ. ಅದನ್ನು ಬಾಳೆಹಣ್ಣಿಗೆ ಸಿಗಿಸುವುದು ರೂಢಿ. ಆದರೆ ತಂದ ಬಾಳೆಹಣ್ಣನ್ನೆಲ್ಲ ವನಜಮ್ಮ ಎಲೆ, ಅಡಿಕೆ, ಹೂವಿನ ಜೊತೆ ಒಂದು ವಸ್ತ್ರದಲ್ಲಿ ಗಂಟು ಕಟ್ಟಿಬಿಟ್ಟಿದ್ದರು. ತವರಿನ ಮೇಲೆ ಬರಿಗೈಯಲ್ಲಿ ಹೋಗುವುದುಂಟೇ? ಇಳಿಯದಿದ್ದರೇನು, ಮೇಲಿಂದ ಹಾಕಿದರಾಯಿತು.

ಅಗರಬತ್ತಿ ಹಿಡಿದುಕೊಂಡು ಆಕೆ ವಿಮಾನದ ಸುತ್ತ ಜಾಗ ಹುಡುಕಿದರು. ಎಡಗಡೆ ರೆಕ್ಕೆಯ ಕೆಳಗೆ ಕಿರುಬೆರಳು ಗಾತ್ರದ ಒಂದು ಸಣ್ಣ ಕೊಳವೆ ಮುಂದಕ್ಕೆ ಚಾಚಿಕೊಂಡಿತ್ತು. ತೂತು ಅಗರಬತ್ತಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ವನಜಮ್ಮನವರಿಗೆ ಗಂಡನ ಮೇಲೆ ಒಮ್ಮೆಗೇ ಅಭಿಮಾನ ಉಕ್ಕಿತು. 'ದೇವರು ದಿಂಡರು ಅಂದರೆ ಮೂಗು ಮುರಿಯೋರು, ನನಗೋಸ್ಕರ ಇಷ್ಟು ಅಚ್ಚುಕಟ್ಟಾಗಿ ಜಾಗ ಮಾಡಿಟ್ಟಿದ್ದಾರಲ್ಲ' ಎಂದು ನಾಲ್ಕು ಅಗರಬತ್ತಿಯನ್ನು ಒಟ್ಟಿಗೆ ಒತ್ತಿ ಸಿಗಿಸಿ, ಹಚ್ಚಿ, ಕಣ್ಣು ಮುಚ್ಚಿ ಕೈಮುಗಿದರು.

ಆ ಕೊಳವೆಯ ಕೆಲಸ ಬೇರೆಯಿತ್ತು. ಎದುರಿನಿಂದ ಬಡಿಯುವ ಗಾಳಿ ಅದರೊಳಗೆ ನುಗ್ಗಿದರೇನೇ ಪೈಲಟ್ಟಿನ ಮುಂದಿರುವ ಮೀಟರಿನ ಮುಳ್ಳು ಅಲುಗಾಡಿ ವೇಗ ತೋರಿಸುವುದು. ಬೆಳಿಗ್ಗೆ ಅದನ್ನು ಬೆಟ್ಟಸ್ವಾಮಿಯವರು ಊದಿ ನೋಡಿದ್ದರು. ಪೂಜೆಯಾದ ಮೇಲೆ ನೋಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಬೂದುಗುಂಬಳಕಾಯಿ ಒಡೆದದ್ದಾಯಿತು. ವನಜಮ್ಮ ರೇಷ್ಮೆ ಸೀರೆಯ ನೆರಿಗೆ ಹಿಡಿದು ಹಿಂದಿನ ಸೀಟಿಗೆ ಹತ್ತಿದರು, ಗಂಟು ಮಡಿಲಲ್ಲಿಟ್ಟುಕೊಂಡರು, ಕಿವಿಗೆ ಮಫ್ಲರ್ ಸುತ್ತಿಕೊಂಡು, "ದುರ್ಗದ ನರಸಿಂಹಸ್ವಾಮೀ" ಎಂದು ಕಣ್ಣು ಮುಚ್ಚಿದರು. ಇಂಜಿನ್ನು ಗುಡುಗಿತು. ಚಕ್ರಗಳು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಮುಂದೆ ನುಗ್ಗಿದವು. ಹಿಂದೆ ಎದ್ದ ಧೂಳಿನಲ್ಲಿ ಕೆರೆಯಂಗಳ, ಏರಿ, ಗುಬ್ಬಿ ಎಲ್ಲ ಮುಚ್ಚಿಹೋಯಿತು.

ನಾಲ್ಕು ಮಾರು ಹೋಗುವುದರೊಳಗೆ ಬೆಟ್ಟಸ್ವಾಮಿಯವರು ಆಗಲೇ ಕುಣಿಗಲ್ಲಿನಲ್ಲಿದ್ದರು. ಕೆಳಗೆ ದೊಡ್ಡ ಕೆರೆ ಹೊಳೆಯುತ್ತಿತ್ತು. ಮಹಡಿಯ ಮೇಲೆ ಆಳುದ್ದದ ಅಕ್ಷರ. ಪಂಕ್ತಿಯಲ್ಲಿ ನಕ್ಕವರೆಲ್ಲ ಸಾಲಾಗಿ ನಿಂತು ಟವೆಲ್ ಬೀಸುತ್ತಿದ್ದರು, ಒಂದೇ ಸಲ ಮೇಲಕ್ಕೆ ಹೋಗೋದು ಅಂದವನು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದ. ಅರ್ಚಕರು ಗೋಪುರ ಹತ್ತಿದ್ದರು. ಎಮ್ಮೆ ಕೂಡ ತಲೆಯೆತ್ತಿ ಮೆಚ್ಚಿಗೆಯಿಂದ ನೋಡಿ ಎಂದಿಗಿಂತ ಒಂದು ಸೇರು ಹೆಚ್ಚು ಹಾಲು ಕೊಟ್ಟಿತು. "ನೋಡೇ ವನಜ, ನಿನ್ನ ತವರು" ಎಂದು ಹೇಳಲು ಬಾಯಿ ತೆರೆದರು. ಬಾಯಿಗೆ ಧೂಳು ಬಿತ್ತು. ಎಚ್ಚರಾಗಿ ಮೀಟರ್ ನೋಡಿದರೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

ಸೊನ್ನೆ ವೇಗದಲ್ಲಿ ವಿಮಾನ ಎತ್ತಬಾರದು. ಇಡೀ ನೌಕರಿ ಅವರಿಗೆ ಕಲಿಸಿದ್ದ ಪಾಠ ಅದೊಂದೇ. ಮೈಯೆಲ್ಲ ಗಡಗಡ ನಡುಗುತ್ತಿದೆ, ನೆಲ ಹಿಂದಕ್ಕೆ ಓಡುತ್ತಿದೆ, ಮುಳ್ಳು ಮಾತ್ರ ಏಳುತ್ತಿಲ್ಲ. ಕಣ್ಣು ನಂಬಬೇಕೋ ಮೀಟರ್ ನಂಬಬೇಕೋ? ಸರ್ಕಾರಿ ನೌಕರ, ಮೀಟರನ್ನೇ ನಂಬಿದರು. ಜಾಲಿಮರಗಳು ಎದುರಿಗೆ ಬಂದುಬಿಟ್ಟವು. ಇಂಜಿನ್ ತಗ್ಗಿಸಿ, ತಿರುಗಿಸಿ, ಆ ಕಡೆಯಿಂದ ಈ ಕಡೆಗೆ ಓಡಿಸಿದರು. ಮತ್ತೆ ಸೊನ್ನೆ. ಮತ್ತೊಮ್ಮೆ ತಿರುಗಿಸಿ ಇದ್ದ ಶಕ್ತಿಯನ್ನೆಲ್ಲ ಕೊಟ್ಟರು. ಮುಳ್ಳು ಸತ್ತಂತೆ ಬಿದ್ದಿತ್ತು. ಜಾಲಿಯ ಗುಂಪಿನ ಹತ್ತಿರ ಟಪ್ ಎಂದು ಸದ್ದಾಗಿ ವಿಮಾನ ಒಂದು ಕಡೆ ವಾಲಿ ನಿಂತಿತು. ಚಕ್ರಕ್ಕೆ ಜಾಲಿಮುಳ್ಳು ಹೊಕ್ಕಿತ್ತು.

ಏರಿ ಬಹಳ ದೂರದಲ್ಲಿತ್ತು, ನಡುವೆ ಧೂಳಿನ ಪರದೆ. ಬೆಟ್ಟಸ್ವಾಮಿಯವರು ಇಳಿದರು. ಮೂವತ್ತು ವರ್ಷದ ಮಾತು ಮಣ್ಣುಪಾಲಾಯಿತು, ಇನ್ನು ಆಕೆಯ ಮುಖ ಹೇಗೆ ನೋಡಲಿ ಎಂದು ರೆಕ್ಕೆ ಹಿಡಿದುಕೊಂಡು ನಿಂತವರ ಕಣ್ಣಿಗೆ ಕೊಳವೆ ಬಿತ್ತು. ಅದರೊಳಗೆ ಅಗರಬತ್ತಿಯ ನಾಲ್ಕು ಮೋಟು ಕಡ್ಡಿಗಳು ಬೆಣೆ ಹೊಡೆದಂತೆ ಕೂತಿದ್ದವು.

ಸಿಟ್ಟು ಬುಡದಿಂದ ಏರಿ ನೆತ್ತಿಗೆ ಬಂತು. "ವನಜಾ!" ಎಂದು ತಿರುಗಿದರು.

ವನಜಮ್ಮ ಕೂತಲ್ಲೇ ಕೂತಿದ್ದರು. ಕಣ್ಣು ಮುಚ್ಚಿಯೇ ಇತ್ತು, ಕೈ ಮುಗಿದೇ ಇತ್ತು, ಮುಖದ ತುಂಬ ಕೆಂಪು ಧೂಳು, ಧೂಳಿನ ಮೇಲೆ ಕಣ್ಣೀರು ಇಳಿದ ಎರಡು ಗೆರೆ. "ಇಳಿದ್ವಾ ರೀ?" ಎಂದರು.

ಬೆಟ್ಟಸ್ವಾಮಿಯವರ ನಾಲಗೆಯ ತುದಿಯಲ್ಲಿದ್ದ ಮಾತು ಅಲ್ಲೇ ಒಣಗಿತು. ನೀನು ಸಿಗಿಸಿದ ಅಗರಬತ್ತಿಯಿಂದಲೇ ಎಲ್ಲ ಕೆಟ್ಟಿತು ಎಂದರೆ, ಈ ಹೆಂಗಸು ಬದುಕಿರುವಷ್ಟು ದಿನ ಅದನ್ನೇ ನೆನೆದು ಕೊರಗುತ್ತಾಳೆ. ಅವರು ಬೆನ್ನು ತಿರುಗಿಸಿ ಕಡ್ಡಿಗಳನ್ನು ಮೆಲ್ಲಗೆ ಕಿತ್ತು ಷರಟಿನ ಜೇಬಿಗೆ ಹಾಕಿಕೊಂಡರು.

"ಹೂಂ ಕಣೆ. ಇಳಿದ್ವಿ" ಎಂದರು.

ಅಷ್ಟರಲ್ಲಿ ಜನ ಓಡಿಬಂದರು. ಧೂಳಿನಲ್ಲಿ ಯಾರಿಗೂ ಏನೂ ಕಂಡಿರಲಿಲ್ಲವಾದ್ದರಿಂದ ಪ್ರತಿಯೊಬ್ಬರೂ ಎಲ್ಲವನ್ನೂ ಕಂಡಿದ್ದರು. "ಒಂದಾಳೆತ್ತರ ಎದ್ದಿತ್ತು ಕಣ್ಲಾ!" "ಒಂದಾಳಾ? ಜಾಲಿ ಮೇಲೆ ಹಾದು ಹೋದದ್ದು ನಾನೇ ಕಣ್ಣಾರೆ ಕಂಡೆ!" ತುಮಕೂರಿನಿಂದ ಲಾರಿಯಲ್ಲಿ ಜೊತೆಗೆ ಬಂದಿದ್ದ ಅನಂತರಾಜು, "ಮೂರು ತೆಂಗಿನಮರ ಎತ್ತರ, ಕಮ್ಮಿ ಇಲ್ಲ" ಎಂದು ಇಲಾಖೆಯ ದನಿಯಲ್ಲಿ ಘೋಷಿಸಿದರು. ಎಲ್ಲರೂ ರಂಗಯ್ಯನವರ ಕಡೆ ನೋಡಿದರು. ಅವರು ಕಡಲೆಕಾಯಿ ಸಿಪ್ಪೆ ಉದುರಿಸಿ, "ನನ್ನ ಲಿಮಿಟ್ ಬುಟ್ಟು ಹೋಗಿತ್ತು, ನಾನು ಹೇಳಂಗಿಲ್ಲ" ಎಂದರು. ಪೊಲೀಸರೇ ಹೀಗೆಂದ ಮೇಲೆ ವಿಷಯ ಇತ್ಯರ್ಥವಾಯಿತು. ವನಜಮ್ಮ ಗಂಟು ಬಿಚ್ಚಿ ಬಾಳೆಹಣ್ಣನ್ನೆಲ್ಲ ಜನಕ್ಕೆ ಹಂಚಿದರು.

ಸಂಜೆ ಶೆಟ್ಟಿಹಳ್ಳಿಯ ಮನೆಯಲ್ಲಿ ಬೀದಿಯ ಜನವೆಲ್ಲ ಕೂತಿರುವಾಗ ಫೋನು ಬಂತು. ಹೊನ್ನಯ್ಯನ ದನಿ ರಿಸೀವರ್ ದಾಟಿ ನಡುಮನೆಗೆಲ್ಲ ಕೇಳಿಸುತ್ತಿತ್ತು.

"ಭಾವಾ! ನೋಡಿದ್ವಿ ಭಾವಾ! ಏನೆತ್ತರ, ಏನೆತ್ತರ! ಬೆಳ್ಳಿ ಕಡ್ಡಿ ಹಂಗೆ ಹೊಳೀತಿತ್ತು, ಹಿಂದೆ ಬಿಳೀ ಹೊಗೆ ಗೆರೆ ಬೇರೆ! ಬೀಗರಂತೂ ಬಾಯಿ ಬಿಟ್ಕಂಡು ನಿಂತ್ಬುಟ್ರು. ಎಲ್ಲಾರೂ ಟವೆಲ್ ಬೀಸಿದ್ವಿ, ಕಾಣಿಸ್ತಾ?"

ಬೆಟ್ಟಸ್ವಾಮಿಯವರಿಗೆ ಅರ್ಥವಾಯಿತು. ನೂರಾರು ಜನರನ್ನು ಹೊತ್ತು ಯಾವುದೋ ದೊಡ್ಡ ವಿಮಾನ ತನ್ನ ಪಾಡಿಗೆ ತಾನು ಬೊಂಬಾಯಿಗೆ ಹೋಗಿತ್ತು. ಒಂದು ದಿನಕ್ಕೆ ಒಂದು ಸುಳ್ಳು ಸಾಕು ಎನ್ನಿಸಿತು. "ನೋಡು ಹೊನ್ನಯ್ಯ, ನಿಜ ಹೇಳ್ಬೇಕು ಅಂದ್ರೆ ಅದು..." ಎನ್ನುವಷ್ಟರಲ್ಲಿ ವನಜಮ್ಮ ಬಂದು ಫೋನು ಕಿತ್ತುಕೊಂಡರು.

"ಏನ್ಲಾ ಹೊನ್ನ. ನಿನ್ನ 'ಹೊನ್ನಯ್ಯ' ಚೆನ್ನಾಗಿ ಕಾಣ್ತು ಕಣೋ. ಅಕ್ಷರ ಬಲು ದುಂಡುಗಿದ್ವು."

"ಕಾಣ್ತಾ ಅಕ್ಕ!"

"ಅದಕ್ಕಿಂತ ಚೆನ್ನಾಗಿ ನಿನ್ನ ಹಿತ್ತಿಲು ಕಾಣ್ತು."

ವನಜಮ್ಮ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

"ಗುಡ್ಡೆ ಗುಡ್ಡೆ ಬಿದ್ದಿದ್ವಲ್ಲೋ ತೆಂಗಿನಕಾಯಿ! ಮೇಲಿಂದ ನೋಡಿ ನಾನು ಯಾವ್ದೋ ಬೆಟ್ಟ ಅನ್ಕಂಡೆ. ಎಲ್ಲಾ ನುಸಿ ಬಿದ್ದಿರೋ ಕಾಯಾ, ಇಲ್ಲ ಒಂದೆರಡು ಚೆನ್ನಾಗಿರೋವೂ ಇದಾವಾ?"

"ಅಕ್ಕಾ... ಅಷ್ಟು ಎತ್ತರದಿಂದ ಅದೆಲ್ಲ ಕಾಣ್ತದಾ?" ಹೊನ್ನಯ್ಯನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಮೇಲಿಂದ ಎಲ್ಲಾ ಕಾಣ್ತದೆ ಕಣಪ್ಪ. ಅದಕ್ಕೇ ದೇವರು ಮೇಲಿರೋದು" ಎಂದು ವನಜಮ್ಮ ಫೋನಿಟ್ಟರು. ಅನಂತರಾಜು ತಟ್ಟನೆ ಎದ್ದು, "ಹಂಗಾದ್ರೆ ಕೊಕ್ಕೆನೂ ಕಂಡಿರ್ಬೇಕಲ್ಲ ಅಕ್ಕಾರೆ?" ಎಂದರು. ಬಂದಿದ್ದವರಲ್ಲಿ ಇಬ್ಬರಿಗೆ ಮನೆಯಲ್ಲಿ ಕೆಲಸ ನೆನಪಾಗಿ ಕಾಫಿ ಅರ್ಧಕ್ಕೇ ಬಿಟ್ಟು ಹೊರಟರು.

ವಿಜಯದಶಮಿ ಕಳೆದ ಮಾರನೇ ದಿನ ಮನೆ ಮುಂದೆ ಟೆಂಪೊ ನಿಂತಿತು. ಹೊನ್ನಯ್ಯ ಐದು ಚೀಲ ಕಾಯಿ ತಾನೇ ಇಳಿಸಿ, ಅಕ್ಕನ ಕಾಲಿಗೆ ನಮಸ್ಕಾರ ಮಾಡಿ, ಹೊರಡುವಾಗ ಭಾವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಇನ್ನೊಂದ್ಸಲ ನಮ್ಮ ಕಡೆ ಹಾರೋದಿದ್ರೆ ಒಂದ್ಮಾತು ಮುಂಚೆ ಹೇಳ್ಬುಡಿ ಭಾವ. ಊರಲ್ಲಿ ಎಲ್ಲಾರೂ ಕೇಳ್ತಾವ್ರೆ."

ಮಧ್ಯಾಹ್ನ ಬೆಟ್ಟಸ್ವಾಮಿಯವರು ಶೆಡ್ಡಿಗೆ ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಅವತ್ತು ಯಾವ ಮಂತ್ರಿಯೂ ಫೋನು ಮಾಡಲಿಲ್ಲ, ಯಾವ ದಿಬ್ಬಣವೂ ತಾಳಿ ಮರೆಯಲಿಲ್ಲ. ಸುಳ್ಳೊಂದು ಗಂಟಲಿಗೆ ಅಡ್ಡ ಕೂತಿದ್ದರೆ ಕನಸು ಹೇಗೆ ಬರಬೇಕು? ಸ್ವಲ್ಪ ಹೊತ್ತಿಗೆ ವಿಮಾನ ಮೆಲ್ಲಗೆ ಅಲುಗಾಡಿತು. ವನಜಮ್ಮ ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದರು. ಹೊಸ ಕಾಯಿ ತುರಿದು ಬೆಲ್ಲ ಬೆರೆಸಿದ್ದ ಬಟ್ಟಲನ್ನು ಗಂಡನ ಭುಜದ ಮೇಲಿಂದ ಮುಂದಕ್ಕೆ ಚಾಚಿದರು.

"ತವರಿನ ಕಾಯಿ, ತಿನ್ನಿ. ಇವತ್ತು ಎಲ್ಲಿಗೆ ಹೊರಟ್ರಿ?"

ಬೆಟ್ಟಸ್ವಾಮಿಯವರಿಗೆ ತಡೆಯಲಾಗಲಿಲ್ಲ. "ವನಜ, ಅವತ್ತು ನಾವು ಹಾರಲೇ ಇಲ್ಲ ಕಣೆ. ನಿಂಗೆ ಸುಳ್ಳು ಹೇಳ್ದೆ. ಇಂಜಿನ್ನು ಯಾಕೋ ಸರಿಯಾಗಿ ಎಳೀಲಿಲ್ಲ."

"ಗೊತ್ತು. ಜಾಲಿಮರ ಎದುರಿಗೆ ಬಂದಾಗ ಕಣ್ಣು ಬಿಟ್ಟೆ, ಆಮೇಲೆ ಮುಚ್ಚೋಕೆ ಧೈರ್ಯ ಬರ್ಲಿಲ್ಲ. ನೀವು ಇಳಿದು ಬರೋವಾಗ ನಿಮ್ಮ ಮುಖ ನೋಡೋಕಾಗ್ದೆ ಮತ್ತೆ ಮುಚ್ಕಂಡೆ."

"ಮತ್ತೆ ಹೊನ್ನಯ್ಯಂಗೆ ಹಂಗೆಲ್ಲ ಹೇಳ್ದೆ?"

"ನೀವು ದಿನಾ ಇಲ್ಲಿ ಕೂತ್ಕಂಡು ದೇಶ ಎಲ್ಲಾ ಸುತ್ತಿಲ್ವಾ? ನಾನು ಒಂದ್ಸಲ ಕುಣಿಗಲ್‌ಗೆ ಹೋಗಿ ಬಂದೆ."

ಬೆಟ್ಟಸ್ವಾಮಿಯವರು ಬಾಯಿಗೆ ಕಾಯಿಬೆಲ್ಲ ಹಾಕಿಕೊಂಡರು. ಅಗೆಯುತ್ತ ಅಗೆಯುತ್ತ ಕಣ್ಣು ತುಂಬಿತು. ಹಿಂದೆ ವನಜಮ್ಮ ಸೆರಗು ಸರಿಮಾಡಿಕೊಂಡು ಕೂತರು.

"ಆ ಷರಟು ಒಗೆಯೋಕೆ ಹಾಕೋವಾಗ ಜೇಬು ನೋಡ್ದೆ" ಎಂದರು. "ಮುಂದಿನ ಸಲ ಅಗರಬತ್ತೀನ ಬಾಳೆಹಣ್ಣಿಗೇ ಸಿಗಿಸ್ತೀನಿ. ಈಗ ಹೊರಡಿ, ಹೊತ್ತಾಯ್ತು."